ಹಿರಿಯರ ಭವನದ ಹಾಲ್ ಬಾಡಿಗೆಗೆ ಕೊಡುವ ಮುನ್ನ: ಬುಕಿಂಗ್ ಪುಸ್ತಕ ಹಿಡಿದವರಿಗೆ ಒಂದು ಮಾರ್ಗದರ್ಶಿ

"ನಮ್ಮೂರಲ್ಲೂ ಹಿರಿಯ ನಾಗರಿಕರ ಭವನ ಆಗಿದೆ. ಹಾಲ್ ಬಾಡಿಗೆಗೆ ಕೊಡ್ತೀರಾ ಅಂತ ದಿನಾ ಯಾರಾದರೂ ಬರ್ತಾರೆ. ಕೊಟ್ಟರೆ ನಮ್ಮ ಭಜನೆಗೆ ಜಾಗ ಇಲ್ಲ, ಕೊಡದಿದ್ದರೆ ಕರೆಂಟ್ ಬಿಲ್ಲಿಗೆ ದುಡ್ಡಿಲ್ಲ. ನೀವು ಹೇಗೆ ನಡೆಸ್ತೀರಿ?" ತೀರ್ಥಹಳ್ಳಿ, ಸಾಗರ, ಭದ್ರಾವತಿ ಕಡೆಯಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಶಿವಮೊಗ್ಗದ ಒಂದು ಹಿರಿಯರ ಭವನದಲ್ಲಿ ಬುಕಿಂಗ್ ಪುಸ್ತಕ ನೋಡಿಕೊಳ್ಳುವ ಕೆಲಸ ನನ್ನದು. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಎಲ್ಲವನ್ನೂ ಒಂದೆಡೆ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಎಲ್ಲ ಹಂತಗಳೂ ಅದರ ಮೇಲೆಯೇ ನಿಂತಿವೆ. ಭವನ ಇರುವುದು ಹಿರಿಯರಿಗಾಗಿ, ಬಾಡಿಗೆ ಬರುವುದು ಭವನಕ್ಕಾಗಿ. ಈ ಕ್ರಮ ತಲೆಕೆಳಗಾದ ಕಡೆ ಎರಡೇ ವರ್ಷದಲ್ಲಿ ಹಿರಿಯರು ಬರುವುದನ್ನು ನಿಲ್ಲಿಸುತ್ತಾರೆ. ಆಮೇಲೆ ಉಳಿಯುವುದು ಇನ್ನೊಂದು ಕಲ್ಯಾಣ ಮಂಟಪ.

ಹಂತ 1: ಕೊಡುವ ಹಕ್ಕು ನಿಮಗಿದೆಯೇ, ನೋಡಿ

ಕಟ್ಟಡದ ಕಾಗದ ತೆಗೆದು ಓದಿ. ಅನೇಕ ಭವನಗಳು ಸಿ.ಎ. ನಿವೇಶನದಲ್ಲಿ ಇರುತ್ತವೆ. ಸಿ.ಎ. ನಿವೇಶನ ಅಂದರೆ ಬಡಾವಣೆ ಮಾಡುವಾಗ ನಾಗರಿಕ ಸೌಲಭ್ಯಕ್ಕೆಂದು ಮೀಸಲಿಟ್ಟ ಜಾಗ. ಅದನ್ನು ಸಂಘಕ್ಕೆ ಗುತ್ತಿಗೆಗೆ ಕೊಟ್ಟಿರುತ್ತಾರೆ, ಮಾರಿರುವುದಿಲ್ಲ. ಯಾವ ಉದ್ದೇಶಕ್ಕೆ ಬಳಸಬೇಕು ಎಂಬುದು ಗುತ್ತಿಗೆ ಪತ್ರದಲ್ಲೇ ಇರುತ್ತದೆ. ಶಾಸಕರ ಅಥವಾ ಸಂಸದರ ಅನುದಾನದಲ್ಲಿ ಕಟ್ಟಿದ ಭವನವಾದರೆ ಮಂಜೂರಾತಿ ಆದೇಶದಲ್ಲೂ ಷರತ್ತು ಇರಬಹುದು. ಕಟ್ಟಡ ನಗರಪಾಲಿಕೆಯದೋ ಪಂಚಾಯಿತಿಯದೋ ಆಗಿದ್ದರೆ, ದರ ನಿಗದಿ ಮಾಡುವ ಮೊದಲು ಅವರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ವರ್ಗವಾಗುವವರೆಗೆ ಮಾತ್ರ.

ನಿಮ್ಮ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ಬೈಲಾ ತೆಗೆದು, ಬಾಡಿಗೆಯಿಂದ ಬಂದ ಹಣವನ್ನು ಸಂಘದ ಉದ್ದೇಶಕ್ಕೆ ಬಳಸಬಹುದು ಎಂಬ ಸಾಲು ಇದೆಯೇ ನೋಡಿ. ಬಾಡಿಗೆ ನಿಯಮ, ದರಪಟ್ಟಿ ಎರಡನ್ನೂ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಠರಾವು ಮಾಡಿ. ಠರಾವು ಇಲ್ಲದ ದರಪಟ್ಟಿಯಿದ್ದರೆ ಪ್ರತಿ ಬಾರಿಯೂ ಯಾರೋ ಒಬ್ಬರು "ನಮ್ಮ ಹುಡುಗ, ಸ್ವಲ್ಪ ಬಿಡಿ" ಅನ್ನುತ್ತಾರೆ. ಇಲ್ಲ ಅನ್ನಲು ನಿಮ್ಮ ಬಳಿ ಆಧಾರ ಇರುವುದಿಲ್ಲ.

ವಿದ್ಯುತ್ ಸಂಪರ್ಕ ಯಾವ ವರ್ಗದಲ್ಲಿದೆ ಎಂದು ಮೆಸ್ಕಾಂ ಬಿಲ್ಲಿನಲ್ಲಿ ನೋಡಿ. ಬಾಡಿಗೆಗೆ ಕೊಡಲು ಶುರುಮಾಡಿದ ಮೇಲೆ ವರ್ಗ ಬದಲಾಗಬೇಕೇ ಎಂದು ಉಪವಿಭಾಗದ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ತಪಾಸಣೆಯಲ್ಲಿ ಸಿಕ್ಕಿಬಿದ್ದು ದಂಡ ಕಟ್ಟುವುದು ಬೇಡ.

ಹಂತ 2: ಹಿರಿಯರ ವೇಳೆಯನ್ನು ಮೊದಲು ಬರೆಯಿರಿ

ಇಡೀ ಕೆಲಸದ ಜೀವ ಇಲ್ಲಿದೆ. ಬಾಡಿಗೆ ಕೇಳಿ ಯಾರೂ ಬರುವ ಮುಂಚೆ, ಖಾಲಿ ವಾರಪಟ್ಟಿಯಲ್ಲಿ ಸದಸ್ಯರ ಕಾರ್ಯಕ್ರಮಗಳನ್ನು ಶಾಯಿಯಲ್ಲಿ ಬರೆದುಬಿಡಿ. ನಮ್ಮಲ್ಲಿ ಬೆಳಿಗ್ಗೆ 6ರಿಂದ 7:30 ಯೋಗ, 10ರಿಂದ 12:30 ಪತ್ರಿಕೆ, ಕೇರಂ, ಚೌಕಾಬಾರ, ಸಂಜೆ 4ರಿಂದ 6:30 ಭಜನೆ ಅಥವಾ ಗಮಕ. ಈ ಗಂಟೆಗಳು ಬಾಡಿಗೆಗಿಲ್ಲ. ಎಷ್ಟು ಕೊಟ್ಟರೂ ಇಲ್ಲ. ಉಳಿದದ್ದು ಮಾತ್ರ ಬಾಡಿಗೆಗೆ: ಬೆಳಿಗ್ಗೆ 8ರಿಂದ 9:30, ಮಧ್ಯಾಹ್ನ 1ರಿಂದ 3:30, ರಾತ್ರಿ 7ರಿಂದ 9:30. ಭಾನುವಾರ ಮಧ್ಯಾಹ್ನದವರೆಗೆ ಪೂರ್ತಿ.

ಸದಸ್ಯರನ್ನು ಕೇಳಿಯೇ ವೇಳೆ ಗೊತ್ತುಮಾಡಿ. 60 ದಾಟಿದವರೆಲ್ಲ ಕಾನೂನಿನ ಲೆಕ್ಕದಲ್ಲಿ ಹಿರಿಯ ನಾಗರಿಕರೇ. ಆದರೆ 62ರವರ ದಿನಚರಿ ಬೇರೆ, 84ರವರದು ಬೇರೆ. ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಅಜ್ಜಿಯಂದಿರಿಗೆ 10 ಗಂಟೆ ಸರಿ, ಸಕ್ಕರೆ ಕಾಯಿಲೆ ಇರುವವರಿಗೆ 12:30ರ ಮೇಲೆ ಕೂರಿಸಬಾರದು. ಮಳೆಗಾಲದಲ್ಲಿ ಮೋಡ ಕವಿದು ಬೇಗ ಮಬ್ಬಾಗುವುದರಿಂದ ಸಂಜೆಯ ಕಾರ್ಯಕ್ರಮವನ್ನು ಅರ್ಧ ಗಂಟೆ ಮೊದಲೇ ಶುರುಮಾಡಿ, ಮೊದಲೇ ಮುಗಿಸಿ.

ನೆಲಮಹಡಿಯ ಕೋಣೆ ಸದಾ ಹಿರಿಯರಿಗೆ, ಮೇಲಿನ ಕೋಣೆ ಹೊರಗಿನವರಿಗೆ. ಲಿಫ್ಟ್ ಇಲ್ಲದ ಭವನದಲ್ಲಿ "ಇವತ್ತೊಂದು ದಿನ ಮೇಲೆ ಕೂತ್ಕೊಳ್ಳಿ" ಎಂದು ಹೇಳಿದರೆ ಮಂಡಿನೋವಿನವರು ಅವತ್ತು ಬರುವುದಿಲ್ಲ. ಬರಲಿಲ್ಲ ಎಂದು ದೂರುವುದೂ ಇಲ್ಲ, ಸುಮ್ಮನೆ ಮನೆಯಲ್ಲಿ ಉಳಿದುಬಿಡುತ್ತಾರೆ. ಹಾಗಾಗಿ ಇಂಥ ತಪ್ಪು ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಎರಡು ಬುಕಿಂಗ್‌ಗಳ ನಡುವೆ ಕನಿಷ್ಠ ಅರ್ಧ ಗಂಟೆ ಬಿಡಿ. ಊಟದ ಕಾರ್ಯಕ್ರಮವಾದರೆ ಒಂದೂವರೆ ಗಂಟೆ. ನೆಲ ಒರೆಸಿ ಒಣಗುವವರೆಗೆ ಕೋಲು ಹಿಡಿದವರನ್ನು ಒಳಗೆ ಬಿಡುವ ಹಾಗಿಲ್ಲ. ಆಷಾಢದ ತೇವಕ್ಕೆ ರೆಡ್‌ಆಕ್ಸೈಡ್ ನೆಲ ಒಣಗಲು ಫ್ಯಾನ್ ಹಾಕಿದರೂ ಮುಕ್ಕಾಲು ಗಂಟೆ ಹಿಡಿಯುತ್ತದೆ.

ಹಂತ 3: ವರ್ಷದ ಪಟ್ಟಿ ಹಾಕಿ

ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ಕೂತು ಇಡೀ ವರ್ಷದ ದಿನಗಳನ್ನು ಗುರುತು ಮಾಡಿ. ಮಲೆನಾಡಿನಲ್ಲಿ ಬೇಡಿಕೆ ಏರಿಳಿಯುವುದು ಮಳೆ, ಮದುವೆ, ಕೊಯ್ಲು ಈ ಮೂರನ್ನು ಹಿಡಿದು.

ಮಾಘದಿಂದ ವೈಶಾಖದವರೆಗೆ ನಿಶ್ಚಿತಾರ್ಥ, ನಾಮಕರಣ, ಷಷ್ಟ್ಯಬ್ದಿ, ಭೀಮರಥ ಶಾಂತಿಗೆ ಜನ ಮುಗಿಬೀಳುತ್ತಾರೆ. ವರ್ಷದ ಖರ್ಚು ಹುಟ್ಟುವುದು ಆಗಲೇ. ಆಷಾಢದಲ್ಲಿ ಶುಭಕಾರ್ಯ ಇಲ್ಲ, ಹೊರಗೆ ಆರಿದ್ರಾ, ಪುನರ್ವಸು ಮಳೆ. ಹಾಲ್ ಖಾಲಿ ಬಿದ್ದಿರುತ್ತದೆ ಎಂದು ಬೇಸರ ಬೇಡ, ಅದನ್ನು ತಾಳಮದ್ದಳೆಗೆ, ಮೊಬೈಲ್ ಬಳಕೆ ಕಲಿಸುವ ತರಗತಿಗೆ ಇಟ್ಟುಕೊಳ್ಳಿ. ಮಳೆಗಾಲದ ತಾಳಮದ್ದಳೆ ನಮ್ಮ ಕಡೆಯ ಹಳೆಯ ರೂಢಿ, ಕೇಳಲು ಸದಸ್ಯರಿಗಿಂತ ಒಳ್ಳೆಯ ಸಭಿಕರು ಸಿಗುವುದಿಲ್ಲ.

ಶಿವಮೊಗ್ಗದವರು ಹಿಂದೂ ಮಹಾಸಭಾ ಗಣಪತಿಯ ವಿಸರ್ಜನಾ ಮೆರವಣಿಗೆ ದಿನ ಪೇಟೆಯೊಳಗಿನ ಭವನಕ್ಕೆ ಬುಕಿಂಗ್ ತೆಗೆದುಕೊಳ್ಳಬೇಡಿ. ರಸ್ತೆಗಳಲ್ಲಿ ಸಂಚಾರ ಬದಲಾಗಿ ಆಟೋ ಸಹ ಬಾಗಿಲವರೆಗೆ ಬರುವುದಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬ ಜಾತ್ರೆ, ಸಾಗರದಲ್ಲಾದರೆ ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬ ಜಾತ್ರೆ, ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆ, ಇವಕ್ಕೂ ಇದೇ ಮಾತು.

ನವೆಂಬರ್ ತಿಂಗಳನ್ನು ವಿಶೇಷವಾಗಿ ಕಾಪಾಡಿಕೊಳ್ಳಿ. ಪಿಂಚಣಿದಾರರು ಜೀವನ ಪ್ರಮಾಣಪತ್ರ, ಅಂದರೆ ತಾವು ಬದುಕಿದ್ದೇವೆ ಎಂಬ ವಾರ್ಷಿಕ ದಾಖಲೆ, ಕೊಡುವ ತಿಂಗಳು ಅದು. 80 ದಾಟಿದ ಕೇಂದ್ರ ಪಿಂಚಣಿದಾರರಿಗೆ ಅಕ್ಟೋಬರ್ 1ರಿಂದಲೇ ಅವಕಾಶ ಇದೆ. ಬ್ಯಾಂಕಿನವರನ್ನೋ ಅಂಚೆಯವರನ್ನೋ ಭವನಕ್ಕೇ ಕರೆಸಿ ಎರಡು ದಿನ ಶಿಬಿರ ಮಾಡಿಸಿದರೆ ನೂರಾರು ಜನರ ಓಡಾಟ ಉಳಿಯುತ್ತದೆ. ಆ ಎರಡು ದಿನಗಳನ್ನು ಏಪ್ರಿಲ್‌ನಲ್ಲೇ ಬರೆದಿಡಿ. ಅಡಿಕೆ ಕೊಯ್ಲಿನ ಸೀಮೆಯಲ್ಲಿ ಅದೇ ಹೊತ್ತಿಗೆ ಮನೆಮಂದಿಯೆಲ್ಲ ಚೇಣಿ (ಫಸಲನ್ನು ಗುತ್ತಿಗೆಗೆ ಕೊಡುವುದು, ಹಿಡಿಯುವುದು), ಸುಲಿಯುವುದು, ಬೇಯಿಸುವುದು ಎಂದು ಮುಳುಗಿರುತ್ತಾರೆ. ಅಜ್ಜಂದಿರನ್ನು ಕರೆತರಲು ಯಾರೂ ಸಿಗುವುದಿಲ್ಲ, ಬೇರೆ ಕಾರ್ಯಕ್ರಮ ಕಡಿಮೆ ಇಡಿ.

ಚುನಾವಣೆ ಘೋಷಣೆಯಾದರೆ ನೀತಿಸಂಹಿತೆ ಜಾರಿಯಾಗುತ್ತದೆ. ಮತಗಟ್ಟೆಗೆ ಭವನ ಕೇಳಿದರೆ ಆ ದಿನಗಳ ಬುಕಿಂಗ್ ಬಿಡಬೇಕಾಗುತ್ತದೆ ಎಂಬ ಸಾಲನ್ನು ಅರ್ಜಿಯಲ್ಲೇ ಸೇರಿಸಿ.

ಹಂತ 4: ದರ ಲೆಕ್ಕ ಹಾಕಿ

ಪಕ್ಕದ ಮಂಟಪ ಎಷ್ಟು ತೆಗೆದುಕೊಳ್ಳುತ್ತದೆ ಎಂದು ನೋಡಿ ದರ ಇಡಬೇಡಿ. ನಿಮ್ಮ ಖರ್ಚಿನಿಂದ ಶುರುಮಾಡಿ. ಲೆಕ್ಕದ ರೀತಿ ತಿಳಿಯಲೆಂದು ಒಂದು ಉದಾಹರಣೆ ಕೊಡುತ್ತೇನೆ, ಅಂಕಿ ನಿಮ್ಮದು ಹಾಕಿಕೊಳ್ಳಿ.

ತಿಂಗಳಿಗೆ ವಿದ್ಯುತ್ 5,000, ಗುಡಿಸಿ ಒರೆಸುವವರಿಗೆ 8,000, ಕಾವಲಿಗೆ 10,000, ನೀರು ಮತ್ತು ಇತರೆ 1,500, ರಿಪೇರಿ ನಿಧಿ 3,500. ಒಟ್ಟು 28,000 ರೂಪಾಯಿ. ದೊಡ್ಡ ಹಾಲಿನ ಒಂದು ಗಂಟೆಯನ್ನು ಎರಡು ಪಾಲು, ಸಣ್ಣ ಕೋಣೆಯ ಒಂದು ಗಂಟೆಯನ್ನು ಒಂದು ಪಾಲು ಎಂದು ಎಣಿಸಿ. ತಿಂಗಳಲ್ಲಿ ಹಾಲ್ 100 ಗಂಟೆ, ಸಣ್ಣ ಕೋಣೆಗಳು 150 ಗಂಟೆ ಬಳಕೆಯಾದರೆ 200 ಮತ್ತು 150, ಒಟ್ಟು 350 ಪಾಲು. 28,000ವನ್ನು 350ರಿಂದ ಭಾಗಿಸಿದರೆ 80. ಅಂದರೆ ಸಣ್ಣ ಕೋಣೆಗೆ ಗಂಟೆಗೆ 80, ಹಾಲಿಗೆ 160 ನಿಮ್ಮ ಅಸಲು.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಬಾಗಿಲು ತೆರೆದಿರುವ ಗಂಟೆಗಳಿಂದ ಭಾಗಿಸುವುದು. ನಿಜವಾಗಿ ಬಳಕೆಯಾದ ಗಂಟೆಗಳಿಂದ ಭಾಗಿಸಿ. ಇಲ್ಲದಿದ್ದರೆ ಅಸಲು ಕಡಿಮೆ ಕಾಣುತ್ತದೆ, ಬಾಡಿಗೆದಾರರ ಖರ್ಚನ್ನು ಹಿರಿಯರ ಚಂದಾ ಹಣ ಹೊರುತ್ತದೆ.

ಅಸಲು ಗೊತ್ತಾದ ಮೇಲೆ ಮೂರು ದರ ಸಾಕು. ಸದಸ್ಯರ ಸಾಮೂಹಿಕ ಕಾರ್ಯಕ್ರಮಕ್ಕೆ ಉಚಿತ. ನಿವೃತ್ತ ನೌಕರರ ಸಂಘ, ಮಹಿಳಾ ಭಜನಾ ಮಂಡಳಿ, ಸ್ವಸಹಾಯ ಗುಂಪುಗಳಿಗೆ ಅಸಲು ದರ. ಖಾಸಗಿ ಸಮಾರಂಭ, ಟ್ಯೂಷನ್, ತರಬೇತಿಗಳಿಗೆ ಅಸಲಿನ ಎರಡರಿಂದ ಮೂರು ಪಟ್ಟು. ಸದಸ್ಯರ ಮನೆಯ ಸಮಾರಂಭಕ್ಕೆ ರಿಯಾಯಿತಿ ಕೊಡುವುದಾದರೆ ಶೇಕಡಾವಾರು ಬರೆದಿಡಿ, ಮುಖ ನೋಡಿ ಬೇಡ.

ಹಂತ 5: ಒಂದೇ ಪುಸ್ತಕ, ಒಂದೇ ಕೈ

ನಮ್ಮಲ್ಲಿ ಒಮ್ಮೆ ಕಣ್ಣಿನ ತಪಾಸಣಾ ಶಿಬಿರವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿದ್ದರು, ಅದೇ ದಿನಕ್ಕೆ ಒಬ್ಬರ ವೈಕುಂಠ ಸಮಾರಾಧನೆಗೆ ಇನ್ನೊಬ್ಬ ಪದಾಧಿಕಾರಿ ಫೋನಿನಲ್ಲಿ ಒಪ್ಪಿಕೊಂಡಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಒಂದು ಬಾಗಿಲಲ್ಲಿ ಕಣ್ಣಿಗೆ ಔಷಧಿ ಹಾಕಿಸಿಕೊಳ್ಳಲು ಬಂದ ನಲವತ್ತು ಜನ, ಇನ್ನೊಂದು ಬಾಗಿಲಲ್ಲಿ ಬಾಳೆಲೆ ಕಟ್ಟು ಹೊತ್ತ ಅಡುಗೆಯವರು. ದುಃಖದಲ್ಲಿದ್ದ ಆ ಮನೆಯವರ ಮುಖ ಇನ್ನೂ ನೆನಪಿದೆ. ಅವತ್ತಿನಿಂದ ಪುಸ್ತಕ ಒಂದೇ.

ಪುಟಸಂಖ್ಯೆ ಹಾಕಿದ ದಪ್ಪ ರಿಜಿಸ್ಟರ್ ತನ್ನಿ. ದಿನಕ್ಕೊಂದು ಪುಟ. ಅಡ್ಡಸಾಲುಗಳಲ್ಲಿ ಗಂಟೆ, ಉದ್ದಸಾಲುಗಳಲ್ಲಿ ಹಾಲ್, ಕೋಣೆ 1, ಕೋಣೆ 2, ಅಡುಗೆಮನೆ. ಅಡುಗೆಮನೆಗೆ ಪ್ರತ್ಯೇಕ ಕಾಲಂ ಇರಲೇಬೇಕು, ಎರಡು ಕೋಣೆಯವರು ಒಂದೇ ಒಲೆಗೆ ಬಂದು ನಿಲ್ಲುವುದು ಅಲ್ಲಿಯೇ. ಪ್ರತಿ ಚೌಕದಲ್ಲಿ ಹೆಸರು, ಉದ್ದೇಶ, ಜನಸಂಖ್ಯೆ, ರಸೀದಿ ಸಂಖ್ಯೆ. ಅಕ್ಷರ ದೊಡ್ಡದಾಗಿರಲಿ, ಕನ್ನಡಕ ಮರೆತು ಬಂದವರೂ ಓದುವಂತಿರಬೇಕು.

ವಿಚಾರಿಸಿ ಹೋದವರ ಹೆಸರು ಪೆನ್ಸಿಲ್‌ನಲ್ಲಿ, ಮುಂಗಡ ಕೊಟ್ಟವರದು ಪೆನ್ನಿನಲ್ಲಿ. ಪೆನ್ಸಿಲ್ ಗುರುತಿಗೆ 48 ಗಂಟೆ ಆಯಸ್ಸು, ಆಮೇಲೆ ಅಳಿಸಿ. ಪೆನ್ನಿನಲ್ಲಿ ಬರೆದದ್ದನ್ನು ಅಳಿಸುವ ಹಾಗಿಲ್ಲ. ಒಂದು ಗೆರೆ ಹೊಡೆದು ಸಹಿ ಹಾಕಿ, ದಿನಾಂಕ ಬರೆಯಿರಿ.

ಫೋನಿನಲ್ಲಿ ಗೂಗಲ್ ಕ್ಯಾಲೆಂಡರ್ ಇಟ್ಟುಕೊಂಡರೆ ಒಳ್ಳೆಯದೇ. ಆದರೆ ಅದು ಪುಸ್ತಕದ ನಕಲು ಮಾತ್ರ, ಸಮಿತಿಯವರಿಗೆ ನೋಡುವ ಅನುಮತಿ ಕೊಡಿ, ತಿದ್ದುವ ಅನುಮತಿ ಬೇಡ. ವಾಟ್ಸಾಪ್ ಗುಂಪಿನಲ್ಲಿ "ನನಗೆ 14ನೇ ತಾರೀಕು ಬೇಕು" ಎಂದು ಹಾಕಿದರೆ ಅದು ಬುಕಿಂಗ್ ಅಲ್ಲ. ಅಧ್ಯಕ್ಷರಿಗೇ ಯಾರಾದರೂ ನೇರವಾಗಿ ಕೇಳಿದರೆ ಅವರು ಹೇಳಬೇಕಾದ್ದು ಇಷ್ಟೇ: "ಪುಸ್ತಕ ನೋಡಿ ಹೇಳ್ತಾರೆ, ಆಫೀಸಿಗೆ ಬನ್ನಿ." ಪುಸ್ತಕ ಹಿಡಿದವರು ಊರಿಗೆ ಹೋದರೆ ಯಾರ ಕೈಗೆ ಎಂಬುದನ್ನೂ ಮೊದಲ ಪುಟದಲ್ಲೇ ಬರೆದಿಡಿ.

ಹಂತ 6: ಯಾರಿಗೆ, ಯಾವುದಕ್ಕೆ

ಒಂದು ಪುಟದ ಅರ್ಜಿ ಮಾಡಿಸಿ: ಹೆಸರು, ವಿಳಾಸ, ಫೋನ್, ಉದ್ದೇಶ, ವೇಳೆ, ಎಷ್ಟು ಜನ, ಊಟ ಇದೆಯೇ, ಮೈಕ್ ಇದೆಯೇ, ಪ್ರವೇಶ ಶುಲ್ಕ ಅಥವಾ ಮಾರಾಟ ಇದೆಯೇ. ಗುರುತಿನ ಚೀಟಿ ನೋಡಿ ವಾಪಸ್ ಕೊಡಿ. ಆಧಾರ್ ಜೆರಾಕ್ಸ್‌ಗಳ ರಾಶಿ ಕಪಾಟಿನಲ್ಲಿ ಬೆಳೆಸಬೇಡಿ, ಕೊನೆಯ ನಾಲ್ಕು ಅಂಕಿ ಬರೆದುಕೊಂಡರೆ ಸಾಕು.

"ಮಾರಾಟ ಇದೆಯೇ" ಎಂಬ ಪ್ರಶ್ನೆಯ ಮುಂದೆ ದಯವಿಟ್ಟು ನಿಲ್ಲಿ. ಹಿರಿಯರ ಭವನವನ್ನೇ ಹುಡುಕಿಕೊಂಡು ಬರುವವರಿದ್ದಾರೆ. ಉಚಿತ ಆರೋಗ್ಯ ತಪಾಸಣೆ ಎಂದು ಹಾಲ್ ಕೇಳುತ್ತಾರೆ. ಬಿ.ಪಿ. ನೋಡುತ್ತಾರೆ, ಕಾಫಿ ಕೊಡುತ್ತಾರೆ, ಮೂರನೇ ದಿನ ಮ್ಯಾಗ್ನೆಟ್ ಹಾಸಿಗೆಯನ್ನೋ ಸರ್ವರೋಗದ ಪುಡಿಯನ್ನೋ ಸಾವಿರಾರು ರೂಪಾಯಿಗೆ ಮಾರುತ್ತಾರೆ. ಇನ್ನು ಕೆಲವರು ಹೂಡಿಕೆಯ ಬಗ್ಗೆ ತಿಳಿವಳಿಕೆ ಎಂದು ಬಂದು ನಿವೃತ್ತಿ ಹಣಕ್ಕೆ ಕೈಹಾಕುತ್ತಾರೆ. "ಭವನದಲ್ಲೇ ನಡೆದದ್ದಲ್ವಾ" ಎಂಬ ನಂಬಿಕೆಯ ಮೇಲೆ ಹಿರಿಯರು ದುಡ್ಡು ಕೊಡುತ್ತಾರೆ. ಆ ನಂಬಿಕೆ ನಿಮ್ಮದು, ಅದನ್ನು ಬಾಡಿಗೆಗೆ ಕೊಡಬೇಡಿ.

ಆರೋಗ್ಯ ಶಿಬಿರವಾದರೆ ವೈದ್ಯರ ನೋಂದಣಿ ಸಂಖ್ಯೆ ಕೇಳಿ, ಸಂಬಂಧಪಟ್ಟ ವೈದ್ಯಕೀಯ ಪರಿಷತ್ತಿನಲ್ಲಿ ಪರಿಶೀಲಿಸಿ. ಸ್ಥಳದಲ್ಲಿ ಏನನ್ನೂ ಮಾರುವುದಿಲ್ಲ, ಯಾರ ಫೋನ್ ನಂಬರ್ ಪಟ್ಟಿಯನ್ನೂ ಒಯ್ಯುವುದಿಲ್ಲ ಎಂದು ಬರೆಸಿಕೊಳ್ಳಿ. ಠೇವಣಿ, ಚೀಟಿ, ಹಣ ದುಪ್ಪಟ್ಟು ಮಾಡುವ ಯೋಜನೆ ಯಾವುದಕ್ಕೂ ಹಾಲ್ ಇಲ್ಲ ಎಂಬ ಬೋರ್ಡ್ ಹಾಕಿ. ಯಾರಾದರೂ ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡರೆ 1930ಕ್ಕೆ, ಹಿರಿಯರ ಬೇರೆ ಸಂಕಷ್ಟಕ್ಕೆ 14567 ಸಹಾಯವಾಣಿಗೆ ಕರೆ ಮಾಡಬೇಕೆಂದು ಅದೇ ಬೋರ್ಡಿನಲ್ಲಿ ಬರೆಯಿರಿ.

ಇನ್ನೊಂದು ಎಚ್ಚರಿಕೆ, ನಿತ್ಯ ಬರುವ ಬಾಡಿಗೆದಾರರದು. ಟ್ಯೂಷನ್‌ನವರೋ ಸಂಗೀತ ಶಾಲೆಯವರೋ ಒಂದು ಕೋಣೆಯನ್ನು ತಿಂಗಳುಗಟ್ಟಲೆ ಕೇಳುತ್ತಾರೆ. ಒಳ್ಳೆಯ ಆದಾಯವೂ ಹೌದು. ಆದರೆ ಬರೆಯುವ ಪತ್ರ "ಬಳಕೆ ಅನುಮತಿ" ಆಗಿರಲಿ, ಬಾಡಿಗೆ ಕರಾರು ಬೇಡ. ಬಳಕೆ ಅನುಮತಿಯಲ್ಲಿ ಜಾಗದ ಸ್ವಾಧೀನ ಸಂಘದಲ್ಲೇ ಉಳಿಯುತ್ತದೆ, ಅವರಿಗೆ ಇಂತಿಷ್ಟು ಗಂಟೆ ಬಳಸುವ ಹಕ್ಕು ಮಾತ್ರ. ಪತ್ರದ ಹೆಸರಿಗಿಂತ ನಡವಳಿಕೆ ಮುಖ್ಯ. ಬೀಗದ ಕೈ ಕೊಟ್ಟು, ಅವರ ಬೀರು, ಅವರ ನಾಮಫಲಕ ಇಡಲು ಬಿಟ್ಟರೆ ಮುಂದೆ ಬಿಡಿಸುವುದು ಕಷ್ಟ. ಬಾಗಿಲನ್ನು ನೀವೇ ತೆಗೆಯಿರಿ, ನೀವೇ ಹಾಕಿ. ಮೂರು ತಿಂಗಳಿಗೊಮ್ಮೆ ಅನುಮತಿ ನವೀಕರಿಸಿ. ಕರಡನ್ನು ಒಮ್ಮೆ ವಕೀಲರಿಗೆ ತೋರಿಸಿ.

ಹಂತ 7: ಹಣ

ಬಾಡಿಗೆ ಬೇರೆ, ಠೇವಣಿ ಬೇರೆ. ಠೇವಣಿ ವಾಪಸ್ ಕೊಡಬೇಕಾದ ಹಣ, ಅದನ್ನು ಆದಾಯದ ಪುಟದಲ್ಲಿ ಬರೆಯಬೇಡಿ. ಕ್ಯೂಆರ್ ಕೋಡ್ ಸಂಘದ ಖಾತೆಯದೇ ಇರಲಿ, ಖಜಾಂಚಿಯವರ ಸ್ವಂತ ಖಾತೆಯದು ಒಂದು ದಿನಕ್ಕೂ ಬೇಡ. ರಸೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಇರಲಿ. ನಗದಾಗಿ 5,000 ರೂಪಾಯಿ ಮೀರಿ ಪಡೆದರೆ ರಸೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಬೇಕು. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯ ಪ್ರಶ್ನೆ ಬರುತ್ತದೆ. ನಮ್ಮಂಥ ಭವನಗಳು ಅಲ್ಲಿಯವರೆಗೆ ಹೋಗುವುದು ಅಪರೂಪ, ಆದರೂ ಬಾಡಿಗೆ ಆದಾಯವನ್ನು ಲೆಕ್ಕಪರಿಶೋಧಕರಿಗೆ ಪ್ರತ್ಯೇಕವಾಗಿ ತೋರಿಸಿ.

ಹಂತ 8: ಕಾರ್ಯಕ್ರಮದ ದಿನ

ಒಪ್ಪಿಸುವಾಗ ಬಾಡಿಗೆದಾರರ ಜೊತೆ ಒಂದು ಸುತ್ತು ಹಾಕಿ. ಕುರ್ಚಿ ಎಷ್ಟು, ಫ್ಯಾನ್ ಎಷ್ಟು, ಮೀಟರ್ ರೀಡಿಂಗ್ ಎಷ್ಟು, ಶೌಚಾಲಯದ ನಲ್ಲಿ ಸರಿಯಿದೆಯೇ ಎಂದು ಬರೆದು ಇಬ್ಬರೂ ಸಹಿ ಹಾಕಿ, ಫೋಟೊ ತೆಗೆಯಿರಿ. ಮುಗಿದ ಮೇಲೆ ಅದೇ ಪಟ್ಟಿ ಹಿಡಿದು ಅದೇ ಸುತ್ತು. ಕೈಯಿರುವ ಕುರ್ಚಿಗಳನ್ನು ಹೊರಗಿನವರಿಗೆ ಕೊಡಬೇಡಿ. ಆ ಕೈ ಊರಿ ಏಳುವವರು ಮರುದಿನ ಬರುತ್ತಾರೆ, ಕುರ್ಚಿ ಮುರಿದಿದ್ದರೆ ಅವರಿಗೆ ಕೂರಲು ಬೇರೆ ಇಲ್ಲ.

ಅಡುಗೆಯವರು 14.2 ಕೆ.ಜಿ.ಯ ಮನೆ ಸಿಲಿಂಡರ್ ತಂದರೆ ಒಳಗೆ ಬಿಡಬೇಡಿ, ವಾಣಿಜ್ಯ ಬಳಕೆಯ ಸಿಲಿಂಡರೇ ಬೇಕು, ಸಾಮಾನ್ಯವಾಗಿ 19 ಕೆ.ಜಿ.ಯದು. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ತರುವುದು ಬಾಡಿಗೆದಾರರ ಹೊಣೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದಕ್ಕೆ ನಿಷೇಧವಿದೆ, ನಾವಂತೂ 9:30ಕ್ಕೇ ಮೈಕ್ ನಿಲ್ಲಿಸುತ್ತೇವೆ. ಊಟದ ಎಲೆ ಹಸಿಕಸಕ್ಕೆ, ನೀರಿನ ಬಾಟಲಿ ಒಣಕಸಕ್ಕೆ. ಬೇರೆ ಮಾಡಿ ಕೊಡದಿದ್ದರೆ ಠೇವಣಿಯಿಂದ ಕಡಿತ.

ಮಳೆಗಾಲದಲ್ಲಿ ಬಾಗಿಲಿನ ಹೊರಗೆ ಛತ್ರಿ ಇಡುವ ತೊಟ್ಟಿ, ಒಳಗೆ ಎರಡು ಪದರ ಗೋಣಿಚೀಲ, ಮೆಟ್ಟಿಲಿಗೆ ಹಗ್ಗದ ಆಸರೆಯಲ್ಲ, ಗಟ್ಟಿ ಹಿಡಿಕೆ. ಮೈಕ್ ಇನ್ವರ್ಟರಿಗೆ ಬೇಡ, ಶೌಚಾಲಯದ ದೀಪ ಬೇಕೇ ಬೇಕು. ಜಮಖಾನಗಳನ್ನು ಬಿಸಿಲು ಬಂದ ದಿನವೇ ಹಾಸಿ ಒಣಗಿಸಿ, ಬೂಷ್ಟು ಹಿಡಿದರೆ ದಮ್ಮಿನವರು ಕೋಣೆಯಲ್ಲಿ ಕೂರಲಾರರು. 108 ಮತ್ತು 112 ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ.

ಹಂತ 9: ರದ್ದು, ಮತ್ತು ತಡೆಯಲಾಗದ ಬೇಡಿಕೆ

ಏಳು ದಿನ ಮುಂಚೆ ರದ್ದು ಮಾಡಿದರೆ ಮುಂಗಡ ಪೂರ್ತಿ ವಾಪಸ್, ಎರಡು ದಿನ ಮುಂಚೆಯಾದರೆ ಅರ್ಧ, ಆಮೇಲೆ ಇಲ್ಲ. ಸಾವಿನ ಕಾರಣಕ್ಕೆ ರದ್ದಾದರೆ ಯಾವಾಗಲೂ ಪೂರ್ತಿ. ಭವನವೇ ರದ್ದು ಮಾಡಬೇಕಾಗಿ ಬಂದರೆ ಹಣ ಅದೇ ದಿನ ವಾಪಸ್, ಜೊತೆಗೆ ಬೇರೆ ಜಾಗ ಹುಡುಕಲು ನೀವೇ ನಾಲ್ಕು ಕಡೆ ಫೋನ್ ಮಾಡಿ.

ವೈಕುಂಠ ಸಮಾರಾಧನೆಯ ದಿನವನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಹತ್ತು ದಿನಗಳ ನೋಟಿಸಿನಲ್ಲಿ ಬರುತ್ತದೆ, ಅನೇಕ ಸಲ ನಮ್ಮ ಸದಸ್ಯರದೇ. ಅದಕ್ಕೆಂದು ನಾವು ಮೇಲಿನ ಕೋಣೆಯನ್ನು ತಿಂಗಳಲ್ಲಿ ಆರು ಮಧ್ಯಾಹ್ನ ಯಾರಿಗೂ ಮುಂಗಡವಾಗಿ ಕೊಡದೆ ಇಟ್ಟುಕೊಳ್ಳುತ್ತೇವೆ, ಐದು ದಿನ ಮುಂಚೆಯವರೆಗೂ ಯಾರೂ ಕೇಳದಿದ್ದರೆ ಬೇರೆಯವರಿಗೆ ತೆರೆಯುತ್ತೇವೆ. ಖಚಿತವಾದ ಬುಕಿಂಗನ್ನು ಮಾತ್ರ ಯಾರಿಗಾಗಿಯೂ ಎಬ್ಬಿಸುವುದಿಲ್ಲ. ಬುಕ್ ಮಾಡಿದವರೇ ಮನಸಾರೆ ಒಪ್ಪಿ ಬಿಟ್ಟುಕೊಟ್ಟರೆ ಅದನ್ನು ಬರೆಸಿಕೊಂಡು, ಅವರಿಗೆ ಇನ್ನೊಂದು ದಿನ ಉಚಿತವಾಗಿ ಕೊಡುತ್ತೇವೆ.

ಶುರುಮಾಡುವವರು ಮೊದಲ ಮೂರು ತಿಂಗಳು ಸಣ್ಣ ಕೋಣೆಗಳನ್ನು ಮಾತ್ರ ಬಾಡಿಗೆಗೆ ಬಿಡಿ, ಹಾಲ್ ಬೇಡ. ತಿಂಗಳ ಕೊನೆಯಲ್ಲಿ ಎರಡು ಅಂಕಿಗಳನ್ನು ಒಟ್ಟಿಗೆ ಬರೆದು ನೋಟಿಸ್ ಬೋರ್ಡಿಗೆ ಹಚ್ಚಿ: ಬಾಡಿಗೆಯಿಂದ ಬಂದ ಹಣ ಎಷ್ಟು, ಆ ತಿಂಗಳು ಭವನಕ್ಕೆ ಬಂದ ಹಿರಿಯರು ಎಷ್ಟು. ಮೊದಲನೆಯದು ಏರಿ ಎರಡನೆಯದು ಇಳಿದಿದ್ದರೆ, ಹಂತ 2ರ ವಾರಪಟ್ಟಿಯನ್ನು ಸದಸ್ಯರ ಮುಂದಿಟ್ಟು ಮತ್ತೆ ಬರೆಯಿರಿ.